ನಿಲ್ಲಿಸಿಟ್ಟ ಕಾರು ಉಳಿಯುವುದಿಲ್ಲ

(ಬದಿಯಡ್ಕ ಹತ್ತಿರದ ಒಂದು ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದವರು ಫೋನ್ ಮಾಡಿ, "ಮಾಷ್ಟ್ರೇ, ಈ ವರ್ಷ ಸಾಹಿತ್ಯ ಬೇಡ, ಗಡಿನಾಡಿನ ಸಮಸ್ಯೆಯೂ ಬೇಡ, ಬೇರೆ ಏನಾದರೂ ಮಾತಾಡಿ" ಅಂದರು. ಇವೆರಡನ್ನೂ ಬಿಟ್ಟರೆ ಕಾಸರಗೋಡಿನ ಕನ್ನಡ ಮಾಷ್ಟ್ರ ಹತ್ತಿರ ಉಳಿಯುವುದು ಏನು ಹೇಳಿ! ಆದರೂ ಒಂದು ವಿಷಯ ಇತ್ತು. ಕಾರು. ಅದರಲ್ಲೂ ಅಂಬಾಸಿಡರ್ ಕಾರು.

ಗಡಿಯ ಮಾತು ಪೂರ್ತಿ ತಪ್ಪಿಸಲಿಕ್ಕೆ ಆಗುವುದಿಲ್ಲ, ಒಂದು ನಿಮಿಷ ತಡೆದುಕೊಳ್ಳಿ. ನಮ್ಮ ಕಾಸರಗೋಡು ತಾಲೂಕು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋದದ್ದು 1956ರ ನವೆಂಬರ್ 1ರಂದು. ಅದೇ 1956ರಲ್ಲಿ ಇಂಗ್ಲೆಂಡಿನಲ್ಲಿ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನುವ ಕಾರು ಹೊರಗೆ ಬಂತು. ಹಿಂದೂಸ್ಥಾನ್ ಮೋಟಾರ್ಸ್ ಕಂಪನಿ ಅದನ್ನೇ ಕಲ್ಕತ್ತದ ಪಕ್ಕದ ಉತ್ತರಪಾರಾದಲ್ಲಿ 1957-58ರ ಹೊತ್ತಿಗೆ ಅಂಬಾಸಿಡರ್ ಎಂಬ ಹೆಸರಿಟ್ಟು ಮಾಡಲಿಕ್ಕೆ ಶುರು ಮಾಡಿತು. ಅಂದರೆ ಈ ತಾಲೂಕಿನ ರಸ್ತೆ ಮದ್ರಾಸಿನದ್ದಾಗಿದ್ದಾಗ ಅದರ ಮೇಲೆ ಒಂದೇ ಒಂದು ಅಂಬಾಸಿಡರ್ ಓಡಿದ್ದಿಲ್ಲ. ಕೇರಳದ ಕಾಸರಗೋಡಿಗೂ ಆ ಕಾರಿಗೂ ಹೆಚ್ಚು ಕಡಿಮೆ ಒಂದೇ ಪ್ರಾಯ. ಹುಟ್ಟಿದ ಊರಿನಲ್ಲಿ ಆ ಮಾದರಿ 1959ಕ್ಕೇ ಮುಗಿಯಿತು. ನಮ್ಮಲ್ಲಿ 2014ರ ಮೇ ತಿಂಗಳವರೆಗೂ ಕಾರ್ಖಾನೆಯಿಂದ ಬರುತ್ತಲೇ ಇತ್ತು. ಇಂಜಿನ್ ಬದಲಾಯಿತು, ಮುಂದಿನ ಜಾಲರಿ ಬದಲಾಯಿತು, ಮೈಕಟ್ಟು ಮಾತ್ರ ಹಾಗೇ ಇತ್ತು.

ಸರಿ, ಗಡಿ ಮುಗಿಯಿತು.

ಕಳೆದ ಮದುವೆ ಸೀಸನ್ನಿನಲ್ಲಿ ನೀರ್ಚಾಲು ಕಡೆ ಒಂದು ಮದುವೆಗೆ ಹೋಗಿದ್ದೆ. ಮೊದಲ ಪಂಕ್ತಿ ತುಂಬಿಬಿಟ್ಟಿತ್ತು. ಹೊರಗೆ ಬಂದು ನಿಂತೆ. ಜಾಗವಿದ್ದಲ್ಲೆಲ್ಲ ಇನ್ನೋವಾ, ಸ್ವಿಫ್ಟ್, ಒಂದೆರಡು ಥಾರ್. ಅವುಗಳ ಆಚೆ, ಹಲಸಿನ ಮರದ ನೆರಳಿನಲ್ಲಿ, ಕೆನೆ ಬಣ್ಣದ ಒಂದು ಅಂಬಾಸಿಡರ್. ಹಳೆಯ ಅಂಬಾಸಿಡರ್ ಕಂಡರೆ ನಾನು ಮೊದಲು ಮೂತಿ ನೋಡುತ್ತೇನೆ. ಜಾಲರಿಯಲ್ಲಿ ಸಣ್ಣ ಸಣ್ಣ ಚೌಕ ಇದ್ದರೆ ಅದು ಮಾರ್ಕ್ 2, ಅರುವತ್ತರ ದಶಕದಿಂದ 1975ರ ತನಕದ್ದು. ಅಡ್ಡ ಪಟ್ಟಿಗಳಿದ್ದರೆ 1975ರ ನಂತರದ ಮಾರ್ಕ್ 3. ಇದು ಮಾರ್ಕ್ 2. ನಂಬರ್ ಪ್ಲೇಟು ಕಾನೂನು ಪ್ರಕಾರ ಬಿಳಿಯದ್ದು. ಆದರೆ ನಂಬರು ಹಳೆಯದೇ, ಕೆ, ಎಲ್, ಮತ್ತೊಂದು ಅಕ್ಷರ, ಆಮೇಲೆ ಅಂಕೆ. ಈಗಿನ ಕೆಎಲ್-14 ನಮಗೆ ಸಿಕ್ಕಿದ್ದು 1989ರಲ್ಲಿ ದೇಶಕ್ಕೆಲ್ಲ ಹೊಸ ಕ್ರಮ ಬಂದ ಮೇಲೆ. ನಮ್ಮದು ಅಂತ ಒಂದು ಜಿಲ್ಲೆಯೇ ಆದದ್ದು 1984ರಲ್ಲಿ. ಆ ಕಾರು ಇದಕ್ಕೆಲ್ಲ ಹಿರಿಯ.

ಹತ್ತಿರ ಹೋಗಿ ನೋಡಿದೆ. ಹೊಸದರ ಹಾಗೆ ಫಳಫಳ ಹೊಳೆಯುತ್ತಿರಲಿಲ್ಲ. ಅದೇ ನನಗೆ ಇಷ್ಟವಾದದ್ದು. ಡ್ರೈವರ್ ಕಡೆಯ ಬಾಗಿಲಿನ ಮೇಲಂಚಿನಲ್ಲಿ, ಗಾಜು ಇಳಿಸಿ ಮೊಣಕೈ ಇಡುವ ಜಾಗ ಇದೆಯಲ್ಲ, ಅಲ್ಲಿ ಬಣ್ಣ ಸವೆದು ಒಳಗಿನ ತಗಡು ಕಾಣುತ್ತಿತ್ತು. ತುಕ್ಕು ಇಲ್ಲ, ಬರೀ ಸವಕಲು, ಕೈಯಾಡಿಸಿದರೆ ನುಣ್ಣಗೆ. ಕ್ಲಚ್ಚಿನ ರಬ್ಬರಿನಲ್ಲಿ ಗೀರುಗಳೇ ಉಳಿದಿರಲಿಲ್ಲ. ಸ್ಟೇರಿಂಗ್ ಚಕ್ರದಲ್ಲಿ ಕೂದಲೆಳೆಯಷ್ಟು ಬಿರುಕುಗಳು. ಬಂಪರಿನ ಕ್ರೋಮ್ ಒಂದು ಮೂಲೆಯಲ್ಲಿ ಮಾತ್ರ ಮಂಕು. ಡಿಕ್ಕಿ ತೆರೆದೇ ಇತ್ತು, ಒಳಗೆ ಬಾಳೆ ಎಲೆಯ ಕಟ್ಟು. ಬಗ್ಗಿ ನೋಡಿದರೆ ಡಿಕ್ಕಿಯ ಒಳಗೂ ಅದೇ ಕೆನೆ ಬಣ್ಣ. ಹಳೆ ಕಾರಿನ ಬಣ್ಣ ಬದಲಿಸಿದವರು ಹೊರಗೆ ಎಷ್ಟೇ ಚಂದ ಮಾಡಲಿ, ಡಿಕ್ಕಿಯ ಒಳಗೆ, ಬಾಗಿಲಿನ ಕೀಲಿನ ಸಂದಿಯಲ್ಲಿ ಹಳೆ ಬಣ್ಣ ಬಿಟ್ಟಿರುತ್ತಾರೆ. ಇಲ್ಲಿ ಆ ಕಳ್ಳತನ ಇಲ್ಲ.

ಹಿಂದಿನ ಬಾಗಿಲು ತೆರೆದು ಸುಮ್ನೆ ಕೂತೆ. ರೆಕ್ಸಿನ್, ಪೆಟ್ರೋಲು ಮತ್ತು ಕೆಮ್ಮಣ್ಣಿನ ಧೂಳು, ಈ ಮೂರೂ ಸೇರಿದ ಒಂದು ವಾಸನೆ ಉಂಟಲ್ಲ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ನಾನು ಅದನ್ನು ವಿವರಿಸಬೇಕಾಗಿಲ್ಲ. ಸಣ್ಣವರಿಗೆ ವಿವರಿಸಿದರೂ ಪ್ರಯೋಜನ ಇಲ್ಲ.

ನಮ್ಮ ಮನೆಯಲ್ಲಿ ಕಾರು ಇರಲಿಲ್ಲ. ಊರಿನಲ್ಲೂ ಹಾಗೆ ಲೆಕ್ಕಕ್ಕೆ ಸಿಗುವಷ್ಟು ಮನೆಗಳಲ್ಲಿ ಇರಲಿಲ್ಲ. ನನ್ನ ತಲೆಮಾರಿನವರು ಅಂಬಾಸಿಡರ್ ಅಂದರೆ ನೆನಪಿಸಿಕೊಳ್ಳುವುದು ಸರ್ವಿಸ್ ಕಾರನ್ನು, ಅಂದರೆ ಬಸ್ಸಿನ ಹಾಗೆ ದಾರಿಯಲ್ಲಿ ಜನ ಹತ್ತಿಸಿಕೊಂಡು ಓಡುವ ಬಾಡಿಗೆ ಕಾರನ್ನು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಪೇಟೆಗೆ ಹೋಗಬೇಕಾದವರು ಕವಲುದಾರಿಯಲ್ಲಿ ನಿಂತು ಸರ್ವಿಸ್ ಕಾರಿಗೆ ಕಾಯಬೇಕಿತ್ತು. ಆರ್‌ಸಿಯಲ್ಲಿ ಎಷ್ಟು ಜನ ಅಂತ ಬರೆದಿತ್ತೋ ಅದರ ದುಪ್ಪಟ್ಟು ಆಗದೆ ಡ್ರೈವರಣ್ಣ ಹೊರಡುತ್ತಿರಲಿಲ್ಲ.

ಇಷ್ಟು ಜನ ಹೇಗೆ ಹಿಡಿಯುತ್ತಿದ್ದರು ಅಂತ ಈಗಿನ ಮಕ್ಕಳು ಕೇಳುತ್ತಾರೆ. ಕಾರಣ ಗೇರು. ಈಗಿನ ಕಾರಿನಲ್ಲಿ ಎರಡು ಸೀಟಿನ ನಡುವೆ ಗೇರಿನ ಕೋಲು ಇರುತ್ತದೆ. ಅಂಬಾಸಿಡರಿನಲ್ಲಿ ಅದು ಸ್ಟೇರಿಂಗಿನ ಪಕ್ಕದಲ್ಲಿ, ಎಡಗೈಗೆ ಸಿಗುವ ಹಾಗೆ ಇತ್ತು. ಮುಂದಿನ ಸೀಟು ಎರಡು ತುಂಡು ಅಲ್ಲ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು. ಹಾಗಾಗಿ ಎಡಗಡೆ ಮೂರು ಜನ, ಡ್ರೈವರಣ್ಣ, ಮತ್ತೆ ಅವರ ಬಲಗಡೆಗೂ ಒಬ್ಬ. ನಿಜ, ನಗಬೇಡಿ! ಕಾರು ಓಡಿಸುವ ಮನುಷ್ಯ ನಡುವೆ ಎಲ್ಲೋ ಇರುತ್ತಿದ್ದರು, ಬಾಗಿಲ ಬದಿಯಲ್ಲಿ ಇನ್ಯಾರೋ. ಹೆಡ್‌ಲೈಟ್ ತಗ್ಗಿಸುವ ಡಿಪ್ಪರ್ ಸ್ವಿಚ್ಚು ಕ್ಲಚ್ಚಿನ ಪಕ್ಕ ನೆಲದಲ್ಲಿತ್ತು, ಕಾಲಿನಲ್ಲಿ ಒತ್ತಬೇಕು. ಎಡಬದಿಯಲ್ಲಿ ಇಕ್ಕಟ್ಟಾಗಿ ಕೂತವರ ಕಾಲು ತಾಗಿ ಲೈಟು ಮೇಲೆ ಕೆಳಗೆ ಆಗುತ್ತಿತ್ತು. ಎದುರಿನಿಂದ ಬಂದ ಲಾರಿಯವನು, ಇವರೇನು ಸಿಗ್ನಲ್ ಕೊಡುತ್ತಿದ್ದಾರೆ ಅಂತ ನಿಲ್ಲಿಸಿದ್ದೂ ಉಂಟು.

ಹಿಂದಿನ ಸೀಟಿನಲ್ಲಿ ನಾಲ್ಕು ಜನ, ಅವರ ತೊಡೆಯ ಮೇಲೆ ಮಕ್ಕಳು, ಮುಂದಿನ ಸೀಟಿಗೆ ಒರಗಿ ನಿಂತ ಮಕ್ಕಳು ಬೇರೆ. ಮೇಲೆ ಕ್ಯಾರಿಯರಿನಲ್ಲಿ ಅಡಿಕೆ ಗೋಣಿ, ಬಾಳೆಗೊನೆ, ಹಲಸಿನಹಣ್ಣು. ಮುಂದಿನ ಬಾಗಿಲಿನಲ್ಲಿ ತ್ರಿಕೋನದ ಒಂದು ಪುಟ್ಟ ಗಾಜು ಇತ್ತು, ಚಿಲಕ ತಿರುಗಿಸಿ ಓರೆ ಮಾಡಿದರೆ ಗಾಳಿ ಸೀದಾ ಮುಖಕ್ಕೆ. ತಿರುವು ರಸ್ತೆಯಲ್ಲಿ ವಾಂತಿ ಬರುವ ಮಕ್ಕಳಿಗೆ ಆ ಜಾಗ ಮೀಸಲು. ಕೈಯಲ್ಲಿ ಒಂದು ನಿಂಬೆಹಣ್ಣು ಕೊಟ್ಟು ಕೂರಿಸುತ್ತಿದ್ದರು. ಒಂದೆರಡು ಸಲ ಸುಳ್ಳೇ ವಾಂತಿ ಅಂದು ನಾನೂ ಅಲ್ಲಿ ಕೂತಿದ್ದೇನೆ.

ಆ ಕಾರಿನೊಳಗೆ ಎಷ್ಟು ಭಾಷೆ! ಮುಂದೆ ಮಲಯಾಳ, ಹಿಂದೆ ತುಳು, ಮೂಲೆಯಲ್ಲಿ ಹವ್ಯಕ ಕನ್ನಡ, ಕೆಲವೊಮ್ಮೆ ಕೊಂಕಣಿ, ಮರಾಠಿ. ಡ್ರೈವರಣ್ಣ ಒಬ್ಬೊಬ್ಬರ ಹತ್ತಿರ ಅವರವರ ಭಾಷೆಯಲ್ಲೇ ಚಿಲ್ಲರೆ ಕೇಳುತ್ತಿದ್ದರು.

ಕಾರು ಕೈ ಕೊಡುವುದೂ ಮಾಮೂಲು. ಸ್ಟೇರಿಂಗಿನಿಂದ ಗೇರ್‌ಬಾಕ್ಸಿನವರೆಗೆ ಕಬ್ಬಿಣದ ಸಣ್ಣ ಸರಳುಗಳು ಹೋಗುತ್ತವೆ. ಅವುಗಳ ಬುಷ್ ಸವೆದರೆ ಎರಡು ಗೇರು ಒಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಆಗ ಡ್ರೈವರಣ್ಣ ಇಳಿಯಬೇಕು. ಅವರು ಇಳಿಯಬೇಕಾದರೆ ಬಲಗಡೆ ಕೂತವನು ಮೊದಲು ಇಳಿಯಬೇಕು. ಬಾನೆಟ್ ಎತ್ತಿ, ಸರಳನ್ನು ಕೈಯಲ್ಲಿ ಹಿಡಿದು ಒಮ್ಮೆ ಕುಲುಕಿದರೆ ಸರಿಯಾಗುತ್ತಿತ್ತು. ಬೇಸಗೆಯಲ್ಲಿ ಏರು ಹತ್ತುವಾಗ ಇನ್ನೊಂದು ಕಾಟ. ಬಿಸಿಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಪಂಪು ಎಳೆಯುವುದಿಲ್ಲ. ಪಕ್ಕದ ತೋಡಿನಲ್ಲಿ ಬಟ್ಟೆ ಅದ್ದಿ ತಂದು ಪಂಪಿನ ಮೇಲೆ ಹಾಕಿ ಬೀಡಿ ಸೇದುತ್ತಾ ಕಾಯುವುದು. ಬೀಡಿ ಮುಗಿಯುವಾಗ ಕಾರು ಸ್ಟಾರ್ಟ್. ಪೆಟ್ರೋಲಿನ ಪಕ್ಕ ಬೀಡಿ ಸೇದಬಾರದು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಮದುವೆ. ಮದುಮಗನ ಕಾರು ಅಂದರೆ ಅಂಬಾಸಿಡರೇ. ಅದು ದಿಬ್ಬಣದ ಮೊದಲ ಟ್ರಿಪ್ಪಿನಲ್ಲಿ ಮದುಮಗನನ್ನು ಬಿಟ್ಟು, ಎರಡನೇ ಟ್ರಿಪ್ಪಿಗೆ ಹಿರಿಯರನ್ನು ತುಂಬಿಸಿ, ಕೊನೆಗೆ ಮಕ್ಕಳಿಗಾಗಿ ಬರುತ್ತಿತ್ತು. ನಮ್ಮ ಜೊತೆ ಪಾತ್ರೆಗಳು. ತೊಡೆ ಮೇಲೆ ಕೊಪ್ಪರಿಗೆಯ ಮುಚ್ಚಳ, ಕಾಲಿನ ಅಡಿಗೆ ಸೌಟಿನ ಕಟ್ಟು. ಮಾಲೆಯ ಹೂ ಅಷ್ಟು ಹೊತ್ತಿಗೆ ಬಾಡಿ ಬಾನೆಟ್ಟಿಗೆ ಅಂಟಿಕೊಂಡಿರುತ್ತಿತ್ತು. ಆದರೂ ಕಾರು ಅಂಗಳಕ್ಕೆ ತಿರುಗಿದರೆ ನಮಗೆ ಆಗುತ್ತಿದ್ದ ಜಂಬ ಆ ಮದುಮಗನಿಗೂ ಆಗಿರಲಿಕ್ಕಿಲ್ಲ.

ಬೇರೆ ಕಾರುಗಳೂ ಇದ್ದವು, ಇಲ್ಲ ಅಂತಲ್ಲ. ಆಗ ದೇಶದಲ್ಲಿ ಕಾರು ಮಾಡುತ್ತಿದ್ದದ್ದು ಮುಖ್ಯವಾಗಿ ಮೂರೇ ಕಂಪನಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಫಿಯೆಟ್ 1100 ಮಾಡುತ್ತಿದ್ದರು, ಎಪ್ಪತ್ತರ ದಶಕದಲ್ಲಿ ಅದಕ್ಕೇ ಪದ್ಮಿನಿ ಅಂತ ಹೆಸರಾಯಿತು. ಮದ್ರಾಸಿನಿಂದ ಸ್ಟಾಂಡರ್ಡ್ ಹೆರಾಲ್ಡ್ ಬರುತ್ತಿತ್ತು. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮೊಸಳೆ ಬಾಯಿ ತೆರೆದ ಹಾಗೆ. ಡಾಕ್ಟರು, ವಕೀಲರಿಗೆ ಫಿಯೆಟ್ ಇಷ್ಟ. ಆದರೆ ಯಾವುದೂ ದುಡ್ಡು ಕೊಟ್ಟ ಕೂಡಲೇ ಸಿಗುತ್ತಿರಲಿಲ್ಲ. ಕಾರು ಯಾರಿಗೆ, ಹೇಗೆ ಮಾರಬೇಕು ಅಂತ 1959ರಲ್ಲಿ ಸರಕಾರದ ನಿಯಂತ್ರಣ ಆದೇಶವೇ ಇತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹಾಗೆ ಕಾದು ತೆಗೆದುಕೊಂಡ ಕಾರನ್ನು ಯಾರೂ ಐದು ವರ್ಷಕ್ಕೆ ಮಾರುತ್ತಿರಲಿಲ್ಲ. ಈಗ ಉಳಿದಿರುವ ಹಳೆ ಕಾರುಗಳಲ್ಲಿ ಎಷ್ಟೋ ಆ ಕಾಯುವಿಕೆಯ ದೆಸೆಯಿಂದ ಉಳಿದವು.

ಆದರೆ ನೀರ್ಚಾಲಿನ ಕಾರು ಉಳಿದದ್ದು ಅದರಿಂದ ಮಾತ್ರ ಅಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಇದನ್ನೇ.

ನಾನು ಹಿಂದಿನ ಸೀಟಿನಲ್ಲಿ ಕೂತಿರುವಾಗ ಕಾರಿನ ಧನಿಗಳು ಬಂದರು. "ಕೂತುಕೊಳ್ಳಿ ಮಾಷ್ಟ್ರೇ, ಎಂತ ತೊಂದರೆ ಇಲ್ಲ" ಅಂದರು. ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂದೆ. "ತೆಗೆದದ್ದು ಅಪ್ಪ. ಇಟ್ಟುಕೊಂಡದ್ದು ನಾನೂ ಅಲ್ಲ, ಅಪ್ಪನೂ ಅಲ್ಲ, ಇವರು" ಅಂತ ಪಕ್ಕದಲ್ಲಿ ಮುಂಡು ಮಡಚಿ ಕಟ್ಟಿ ನಿಂತಿದ್ದ ಒಬ್ಬ ಹಿರಿಯರನ್ನು ತೋರಿಸಿದರು. ಆ ಮನೆಯವರಿಗೆಲ್ಲ ಅವರು ಇಚ್ಚ, ಅಂದರೆ ಅಣ್ಣ. ನಾನೂ ಹಾಗೇ ಕರೆಯುತ್ತೇನೆ. ಆರ್‌ಸಿಯಲ್ಲಿ ಅವರ ಹೆಸರಿಲ್ಲ, ಇನ್ಶೂರೆನ್ಸಿನಲ್ಲೂ ಇಲ್ಲ. ಆದರೆ ಎಂಟು ಮಳೆಗಾಲಕ್ಕೆ ತೂತಾಗಿ ಬೀಳಬೇಕಾಗಿದ್ದ ತಗಡನ್ನು ಇಷ್ಟು ವರ್ಷ ನಿಲ್ಲಿಸಿದ್ದು ಅವರ ಕೈ.

ನಮ್ಮ ಊರಿನಲ್ಲಿ ಕಾರು ಉಳಿಸುವುದು ಎಷ್ಟು ಕಷ್ಟ ಅಂತ ಸ್ವಲ್ಪ ಯೋಚಿಸಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದ್ದೂ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಪಡುವಣದಿಂದ ಉಪ್ಪುಗಾಳಿ. ಕೆಳಗಿನಿಂದ ಮುರಕಲ್ಲಿನ ಕೆಮ್ಮಣ್ಣು. ಆ ಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ. ಒದ್ದೆ ಮತ್ತು ಉಪ್ಪು ಸೇರಿದ ಮೇಲೆ ಕಬ್ಬಿಣಕ್ಕೆ ಬೇರೆ ಶತ್ರು ಬೇಡ.

ಇಚ್ಚನ ಹತ್ತಿರ ಕೇಳಿದೆ, ಏನು ಮಾಡುತ್ತೀರಿ ಅಂತ. ಅವರು ಮಾತಾಡಲಿಲ್ಲ. ಡಿಕ್ಕಿಯ ಮೂಲೆಯಿಂದ ಒಂದು ಹಿಡಿಸೂಡಿ ಕಡ್ಡಿ ತೆಗೆದರು. ತೆಂಗಿನ ಗರಿಯ ಕಡ್ಡಿ. ನೆಲಕ್ಕೆ ಕೂತು ಬಾಗಿಲಿನ ಅಡಿಯಲ್ಲಿ ಬೆರಳಾಡಿಸಿ ಒಂದು ಸಣ್ಣ ತೂತು ಹುಡುಕಿ ಕಡ್ಡಿಯನ್ನು ಒಳಗೆ ತಳ್ಳಿ ತಿರುಗಿಸಿದರು. ಚಿಟಿಕೆ ಕೆಂಪು ಧೂಳು ಉದುರಿತು. "ಇಷ್ಟೇ" ಅಂದರು.

ಆ "ಇಷ್ಟೇ" ಎಷ್ಟು ಅಂತ ಹೇಳುತ್ತೇನೆ. ಕಾರಿನ ಕಿಟಕಿಗಾಜು ಇಳಿಯುವ ಸಂದಿಯಿಂದ ಮಳೆನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ. ಅದನ್ನು ಪೂರ್ತಿ ತಡೆಯಲಿಕ್ಕೆ ಆಗುವುದಿಲ್ಲ, ಎಲ್ಲ ಕಾರಿನಲ್ಲೂ ಹಾಗೇ. ಅದಕ್ಕೇ ಬಾಗಿಲಿನ ತಳದಲ್ಲಿ ತೂತು ಇಟ್ಟಿರುತ್ತಾರೆ, ನೀರು ಹೊರಗೆ ಹೋಗಲಿ ಅಂತ. ಕೆಮ್ಮಣ್ಣು ಆ ತೂತನ್ನು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹೊರಗಿನಿಂದ ಎಷ್ಟು ಪಾಲಿಶ್ ಹಾಕಿದರೂ ಈ ರೋಗಕ್ಕೆ ಮದ್ದಲ್ಲ. ಮದ್ದು ಹಿಡಿಸೂಡಿ ಕಡ್ಡಿ.

ಆಮೇಲೆ ಅವರಿಗೆ ಮಾತು ಬಂತು. ಕನ್ನಡ ಮಲಯಾಳ ಎರಡೂ ಬೆರೆಸಿ ಹೇಳುತ್ತಾ ಹೋದರು. ಪತ್ತನಾಜೆ, ಅಂದರೆ ಮೇ ಕೊನೆಗೆ ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನ, ಕಳೆದ ಕೂಡಲೇ ಕಾರಿನ ಅಡಿ ತೊಳೆದು ಒಣಗಿಸಿ, ಇಂಜಿನಿನಿಂದ ತೆಗೆದ ಸುಟ್ಟ ಆಯಿಲನ್ನು ಬ್ರಶ್ಶಿನಲ್ಲಿ ಬಳಿಯುವುದು, ಬ್ರೇಕಿನ ಡ್ರಮ್ಮಿಗೂ ರಬ್ಬರಿಗೂ ತಾಗದ ಹಾಗೆ. ಮಳೆಗಾಲದಲ್ಲಿ ಒಳಗಿನ ಮ್ಯಾಟ್ ತೆಗೆದು ಪೇಪರ್ ಹಾಸುವುದು, ಯಾಕೆಂದರೆ ಒದ್ದೆ ಮ್ಯಾಟಿನ ಅಡಿಯಲ್ಲೇ ನೆಲ ತೂತಾಗುವುದು. ಇಲಿ ವಯರು ಕಡಿಯದ ಹಾಗೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವುದು. ಪಳ್ಳಿಕ್ಕೆರೆ ಕಡೆ ಹೊಗೆಸೊಪ್ಪಿನ ಬೇಸಾಯ ಇದ್ದದ್ದು ನಿಮಗೆ ಗೊತ್ತು. ಅದು ಎಲೆ ಅಡಿಕೆಗೆ ಮಾತ್ರ ಅಲ್ಲ ಅಂತ ನನಗೆ ಆ ದಿನ ಗೊತ್ತಾಯಿತು. ಡ್ಯಾಶಿನ ಒಳಗೆ ಒಂದು ಬಿಸ್ಕೆಟ್ ಡಬ್ಬಿ. ಅದರಲ್ಲಿ ಪಾಯಿಂಟು, ಕಂಡೆನ್ಸರ್, ಪ್ಲಗ್ಗು, ಒಂದು ಫ್ಯಾನ್ ಬೆಲ್ಟು, ಪೆಟ್ರೋಲ್ ಪಂಪಿನ ಡಯಾಫ್ರಾಮ್. ದಾರಿಯಲ್ಲಿ ನಿಂತರೆ ಇದರಲ್ಲಿ ಒಂದು ಸಾಕು ಅಂದರು.

ಇದೆಲ್ಲದಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು. ವಾರಕ್ಕೊಮ್ಮೆ ಅವರು ಆ ಕಾರನ್ನು ಕುಂಬಳೆಗೋ ಮುಳ್ಳೇರಿಯಕ್ಕೋ ಕೊಂಡುಹೋಗಿ ಬರುತ್ತಾರೆ. ಕೆಲಸ ಇರಲಿ, ಇಲ್ಲದಿರಲಿ. ಶೆಡ್ಡಿನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಲದಾ ಅಂತ ಕೇಳಿದೆ. "ಅದು ಕಾರು ಕೊಲ್ಲುವ ಕೆಲಸ ಮಾಷ್ಟ್ರೇ" ಅಂದರು.

ಅವರ ಮಾತು ಲೆಕ್ಕಕ್ಕೆ ಸರಿಯಾಗಿದೆ. ಪೆಟ್ರೋಲು ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಸೈಲೆನ್ಸರ್ ಕಾದು ಕೆಂಡವಾದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ನಿಂತಲ್ಲೇ ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ ತಣ್ಣಗಿನ ಸೈಲೆನ್ಸರಿನೊಳಗೆ ನೀರಾಗಿ ಕೂರುತ್ತದೆ, ಒಳಗಿನಿಂದ ತುಕ್ಕು ತಿನ್ನುತ್ತದೆ. ಇಂಜಿನ್ ಆಯಿಲಿಗೂ ಅದೇ ನೀರು ಸೇರುತ್ತದೆ. ಓಡದ ಕಾರಿನ ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಏಕೆಂದರೆ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಟಯರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಆಯಿಲ್ ಸೀಲು ಒಣಗಿ ಸೋರಲಿಕ್ಕೆ ಶುರುವಾಗುತ್ತದೆ. ಪ್ರೀತಿಯಿಂದ ಮುಚ್ಚಿಟ್ಟ ಕಾರು ಹಾಳಾದಷ್ಟು ದಿನಾ ಓಡಿದ ಕಾರು ಹಾಳಾಗುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದರಂತೂ ಮುಗಿಯಿತು. ನಮ್ಮ ಮಳೆಗಾಲದಲ್ಲಿ ಅದರೊಳಗೆ ಬೂಸುರು ಬೆಳೆಯುತ್ತದೆ.

ಈಗ ಹಳೆ ಕಾರಿಗೆ ಒಂದು ಫ್ಯಾಶನ್ ಬಂದಿದೆ, ಅದರ ಬಗ್ಗೆ ಎರಡು ಮಾತು. ಎಲ್ಲಿಂದಲೋ ಗುಜರಿ ಅಂಬಾಸಿಡರ್ ತಂದು, ಬಾಡಿ ಕೆರೆದು, ಕೆಂಪೋ ಗಿಣಿಹಸಿರೋ ಬಣ್ಣ ಹೊಡೆದು, ಅಲಾಯ್ ಚಕ್ರ, ಸೋಫಾದಂಥ ಸೀಟು, ಎಸಿ, ಸ್ಪೀಕರ್ ಹಾಕಿ ಮದುವೆಗೆ ಬಾಡಿಗೆ ಕೊಡುತ್ತಾರೆ. ಅವರ ಹೊಟ್ಟೆಪಾಡು, ನನ್ನದೇನೂ ತಕರಾರಿಲ್ಲ. ಆದರೆ ಅದನ್ನು ಹಳೆ ಕಾರು ಅನ್ನಬೇಡಿ. ಕೇರಳದಲ್ಲಿ ಡೀಸೆಲ್ ಅಗ್ಗ ಅಂತ ಎಷ್ಟೋ ಅಂಬಾಸಿಡರಿಗೆ ಮಟಡೋರ್ ವ್ಯಾನಿನ ಇಂಜಿನ್ ಕೂರಿಸಿದ್ದರು. ಅದು ನನಗೆ ಬೇಸರ ತರುವುದಿಲ್ಲ, ಅದು ದುಡಿಮೆಗಾಗಿ ಮಾಡಿದ್ದು, ಆ ಕಾರಿನ ಚರಿತ್ರೆಯೇ ಅದು. ನೀರ್ಚಾಲಿನ ಕಾರಿನಲ್ಲಿ ಮಾತ್ರ 1489 ಸಿಸಿಯ ಮೂಲ ಪೆಟ್ರೋಲ್ ಇಂಜಿನ್ನೇ ಇದೆ. ಧನಿಗಳಿಗೆ ಒಮ್ಮೆ ಹೊಸ ಬಣ್ಣ ಹೊಡೆಸುವ ಮನಸ್ಸಾಗಿತ್ತಂತೆ. ಇಚ್ಚ ಒಪ್ಪಲಿಲ್ಲ. ಮೊಣಕೈಯ ಆ ಸವಕಲನ್ನು ತೋರಿಸಿ, "ಇದು ನನ್ನದು" ಅಂದರಂತೆ. ಬಣ್ಣದ ಮಾತು ಅಲ್ಲಿಗೇ ನಿಂತಿತು.

ಕಾನೂನಿನ ಮಾತನ್ನೂ ಹೇಳಬೇಕು, ಏಕೆಂದರೆ ಇಲ್ಲಿ ಕೆಲವರ ಮನೆಯಲ್ಲಿ ಹಳೆ ಗಾಡಿ ಇದೆ ಅಂತ ನನಗೆ ಗೊತ್ತು. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನ ಆಗಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ವಿಎ ಅಂತ ಎರಡು ಅಕ್ಷರ. ಕೇಳಲಿಕ್ಕೆ ಮರ್ಯಾದೆ ಅನಿಸುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸಲಿಕ್ಕಿಲ್ಲ, ಬಾಡಿಗೆಗೂ ಓಡಿಸಲಿಕ್ಕಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಹೊರಗಿನಿಂದ ತರಿಸಿದ ಅಪರೂಪದ ಕಾರಿಗೆ ಅದು ಸರಿ. ನಮ್ಮ ಊರಿನ ಅಂಬಾಸಿಡರಿಗೆ ನನ್ನ ಪ್ರಕಾರ ಸರಿಯಲ್ಲ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನವೀಕರಿಸುವ ಮಾಮೂಲು ಆರ್‌ಸಿಯೇ ಒಳ್ಳೆಯದು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ ಒಮ್ಮೆಲೇ 5,000ಕ್ಕೆ ಏರಿತು, ಆಮೇಲೆ ಇನ್ನೂ ಏರಿದೆ, ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಮಾವನ ಮನೆಗೆ ಹೋಗಲಿಕ್ಕೆ ಕಾರು ಬೇಕಲ್ವಾ.

ಪೆಟ್ರೋಲಿನದ್ದು ಇನ್ನೊಂದು ತಲೆನೋವು. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು, ಹಳೆ ಇಂಜಿನಿನ ವಾಲ್ವಿನ ಸೀಟಿಗೆ ಮಾತ್ರ ಕಷ್ಟ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಎಥನಾಲ್. ಅದು ತೇವ ಹೀರುತ್ತದೆ, ಹಳೆ ಕಾಲದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಇಚ್ಚ ಪೈಪುಗಳನ್ನು ಹೊಸ ಜಾತಿಯದ್ದಕ್ಕೆ ಬದಲಿಸಿದ್ದಾರೆ. ಮೂಲದ್ದೇ ಇರಬೇಕು ಅಂತ ಹಟ ಹಿಡಿದು ಕಾರಿಗೆ ಬೆಂಕಿ ಹಿಡಿಸಿಕೊಳ್ಳುವವರಲ್ಲ ಅವರು. ಟ್ಯಾಂಕಿನಲ್ಲಿ ಪೆಟ್ರೋಲ್ ಹಳೆಯದಾಗಲಿಕ್ಕೂ ಬಿಡುವುದಿಲ್ಲ. ಅದಕ್ಕೂ ದಾರಿ ಒಂದೇ, ಓಡಿಸುವುದು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಮೈಲೇಜ್ ಎಷ್ಟು ಅಂತ ಮೊದಲ ಪ್ರಶ್ನೆ ಬಂತು. ಲೀಟರಿಗೆ ಒಂಬತ್ತು ಹತ್ತು ಕಿಲೋಮೀಟರ್, ಅದು ಇಚ್ಚನ ಕಾಲಿನಲ್ಲಿ. ನಿಮ್ಮ ಕಾಲಿನಲ್ಲಿ ಎಷ್ಟು ಅಂತ ನಾನು ಹೇಳುವುದಿಲ್ಲ.

ಹಿಂದೆ ಕೂತಿದ್ದ ಕಾಲೇಜಿನ ಹುಡುಗಿಯೊಬ್ಬಳು, "ಸರ್ವಿಸ್ ಕಾರಿನಲ್ಲಿ ಹೆಂಗಸರು ಎಲ್ಲಿ ಕೂತುಕೊಳ್ಳುತ್ತಿದ್ದರು ಸರ್?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಹಿಂದಿನ ಸೀಟು ಅವರಿಗೆ ಅಂತ ಲೆಕ್ಕ. ಆದರೆ ಕಾರು ತುಂಬಿ ಬಂದರೆ ಗಂಡಸರು ಹೇಗಾದರೂ ನೇತಾಡಿ ಹೋಗುತ್ತಿದ್ದರು, ಹೆಂಗಸರು ಮುಂದಿನ ಕಾರಿಗೆ ಕಾಯುತ್ತಿದ್ದರು, ಇಲ್ಲವೇ ನಡೆಯುತ್ತಿದ್ದರು. ನನ್ನ ಅಮ್ಮನ ಹತ್ತಿರ ಸರ್ವಿಸ್ ಕಾರಿನ ಸುದ್ದಿ ತೆಗೆದರೆ ಅವರಿಗೆ ನನ್ನಷ್ಟು ಖುಷಿ ಇರಲಿಲ್ಲ. "ಆ ಬಿಸಿಲು, ಆ ಕಾಯುವುದು" ಅನ್ನುತ್ತಿದ್ದರು. ಅದನ್ನೂ ಬರೆದುಕೊಳ್ಳಿ.

ಕೊನೆಯ ಪ್ರಶ್ನೆ ಪೆರ್ಲದ ಕಡೆಯ ಒಬ್ಬ ಹುಡುಗನದ್ದು. ಅಜ್ಜನ ಪದ್ಮಿನಿ ಕಾರು ಅಡಿಕೆ ಶೆಡ್ಡಿನಲ್ಲಿ ಎಷ್ಟೋ ವರ್ಷದಿಂದ ನಿಂತಿದೆಯಂತೆ. ಬ್ಯಾಟರಿ ತಂದು ಹಾಕಿ ಸೆಲ್ಫ್ ಹೊಡೆಯಲಾ ಅಂತ ಕೇಳಿದ.

ಬೇಡ ಮಗಾ, ಅದನ್ನು ಮಾತ್ರ ಮಾಡಬೇಡ. ಮೊದಲು ಬಾನೆಟ್ ತೆಗೆದು ಇಲಿಗೂಡು, ಕಡಿದ ವಯರು ಇದೆಯಾ ನೋಡು. ಹಾವೂ ಇರಬಹುದು, ಕೋಲು ಹಿಡಿದುಕೊಂಡು ಹೋಗು. ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ಇಳಿಸು, ಅದು ಈಗ ಅಂಟು ಅಂಟಾಗಿರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಆ ತೂತುಗಳಿಗೆ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಇರು. ಆಮೇಲೆ ಹ್ಯಾಂಡಲ್ ಇದ್ದರೆ ಹ್ಯಾಂಡಲಿನಲ್ಲಿ ನಿಧಾನ ತಿರುಗಿಸು, ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಇಬ್ಬರು ಸೇರಿ ಮೆಲ್ಲ ಹಿಂದೆ ಮುಂದೆ ತಳ್ಳಿ. ತಿರುಗಿದರೆ ಇಂಜಿನ್ ಬದುಕಿದೆ. ತಿರುಗದಿದ್ದರೆ ಜೋರು ಮಾಡಬೇಡ, ಇನ್ನೂ ಸ್ವಲ್ಪ ಆಯಿಲ್ ಬಿಟ್ಟು ಕಾಯಬೇಕು. ಬ್ರೇಕು ಪೂರ್ತಿ ಬಿಚ್ಚಿ ಹೊಸ ರಬ್ಬರ್ ಹಾಕದೆ ರಸ್ತೆಗೆ ಇಳಿಸಲೇಬಾರದು.

ಇದೆಲ್ಲದಕ್ಕೂ ಮೊದಲು ಮನೆಗೆ ಹೋಗಿ ಅಜ್ಜಿಯ ಹತ್ತಿರ ಕೇಳು, ಆರ್‌ಸಿ ಎಲ್ಲಿಟ್ಟಿದ್ದಾರೆ ಅಂತ. ಅದು ಸಿಕ್ಕಿದರೆ ನನಗೆ ಫೋನ್ ಮಾಡು, ಇಚ್ಚನನ್ನು ಕರೆದುಕೊಂಡು ಒಂದು ಆದಿತ್ಯವಾರ ಬರುತ್ತೇನೆ.